ಹೊಂಗೆ ಕಡ್ಡಿ ನೆಟ್ಟ ದಂಡೆ

ಚಾಮರಾಜಪೇಟೆಯ ನಮ್ಮ ಬೀದಿ ಮುಗಿದು ನೆಲವು ಬಿನ್ನಿಪೇಟೆಯ ಕಡೆಗೆ ಇಳಿಯುವಲ್ಲಿ ಮೂರು ವರ್ಷದ ಕೆಳಗಿನವರೆಗೆ ಒಂದು ಕುಂಟೆ ಇತ್ತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆಸರು, ನಡುವೆ ಆಳೆತ್ತರದ ಜೊಂಡು, ಪೂರ್ವಕ್ಕೆ ತುಸು ಎತ್ತರದ ಮಣ್ಣಿನ ದಂಡೆ. ಸರ್ವೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ನಕ್ಷೆ ಬರೆದವನು ನಾನು. ನಿವೃತ್ತನಾದ ಮೇಲೆ, ಯಾರೂ ಕೇಳದಿದ್ದರೂ, ಅದರ ನಕ್ಷೆಯನ್ನೂ ಬರೆದಿಟ್ಟಿದ್ದೆ. ಆ ನೆಲ ಈಗ ಉಳಿದಿರುವುದು ಆ ಹಾಳೆಯ ಮೇಲೆ ಮಾತ್ರ.

ಕುಂಟೆಯಲ್ಲಿ ಆಮೆಗಳಿದ್ದವು. ಬೆನ್ನು ತೊಗಲು ಹೊದೆಸಿದಂತೆ ನುಣುಪು. ಹೆದರಿದರೆ ತಲೆ, ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ಹೊಟ್ಟೆಯ ಕಡೆಯ ಮುಚ್ಚಳಗಳನ್ನು ಮುಚ್ಚಿಕೊಳ್ಳುವ ಜಾತಿ. ಸುತ್ತಲಿನ ಕೆರೆಗಳು ಒಂದೊಂದಾಗಿ ಬಡಾವಣೆಗಳಾದ ಮೇಲೆ ಅವು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ನಮ್ಮ ಕುಂಟೆಗೆ ಮಾತ್ರ ಯಾರೂ ಒಡೆಯರಿಲ್ಲದ ಕಾರಣ ಅವು ಅಲ್ಲಿ ಬದುಕಿದ್ದವು.

ಅವುಗಳ ವಿಷಯ ನನಗೆ ಕಲಿಸಿದವಳು ಬಿನ್ನಿಪೇಟೆಯಿಂದ ದಿನವೂ ಹುಲ್ಲು ಕೊಯ್ಯಲು ಬರುತ್ತಿದ್ದ ಒಬ್ಬ ಹೆಂಗಸು. ಮನೆಯಲ್ಲಿ ಎರಡು ಹಸು ಕಟ್ಟಿದ್ದಳು. ನಾನು ಟೇಪು ಹಿಡಿದು ದಂಡೆ ಅಳೆಯಲು ಹೋದ ಮೊದಲ ದಿನವೇ ಅವಳು ಕುಡುಗೋಲು ಎತ್ತಿ ಕೂಗಿದಳು:

“ಕಾಲು ನೋಡ್ಕೊಂಡು ಇಡಿ ಯಜಮಾನ್ರೇ! ಅಲ್ಲಿ ಬಾಣಂತನ ಆಗೈತೆ.”

ನೆಲದಲ್ಲಿ ಒಂದು ಹೊಂಗೆ ಕಡ್ಡಿ ನೆಟ್ಟಿತ್ತು. ದಂಡೆಯುದ್ದಕ್ಕೂ ಅಂಥವು ಹಲವು. ಕಾರ್ತೀಕದ ಹೊತ್ತಿಗೆ ಹೆಣ್ಣಾಮೆಗಳು ನೀರಿನಿಂದೆದ್ದು ದಂಡೆ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ತಾನೂ ಅಲ್ಲಿ ಓಡಾಡುವವರೂ ತುಳಿಯದಿರಲೆಂದು ಅವಳು ಅಲ್ಲಲ್ಲಿ ಕಡ್ಡಿ ನೆಡುತ್ತಿದ್ದಳು. ಅವಳ ಅತ್ತೆಯೂ ಹಾಗೆಯೇ ಮಾಡುತ್ತಿದ್ದಳಂತೆ.

“ಇವು ಹುಟ್ಟೋದು ಬಲು ನಿಧಾನ. ಕಾರ್ತೀಕದಾಗೆ ಇಟ್ಟಿದ್ದು ಮುಂಗಾರು ಬೀಳೋಗಂಟ ಕಣ್ಣು ಬಿಡಲ್ಲ. ಬ್ಯಾಸ್ಗೇಲಿ ತಾಯ್ಗಳೂ ಕೆಸರೊಳಗೆ ಹೂತ್ಕೊಂಡು ಮಲಗ್ಬಿಡ್ತವೆ. ನೋಡೋರಿಗೆ ಇಲ್ಲಿ ಏನೂ ಇಲ್ಲ ಅನ್ನಿಸ್ತದೆ.”

ಆ ವರ್ಷ ದಂಡೆಯ ಮೇಲೆ ಇಪ್ಪತ್ತಮೂರು ಕಡ್ಡಿಗಳಿದ್ದವು. ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕಿದೆ.

ಪುಷ್ಯಮಾಸದ ಒಂದು ಭಾನುವಾರ ಬಡಾವಣೆಯ ನಿವಾಸಿಗಳ ಸಂಘದ ಸಭೆ ಕರೆದರು. ಕುಂಟೆಯನ್ನು ಮುಚ್ಚಿ ಹಿರಿಯ ನಾಗರಿಕರ ವಾಯುವಿಹಾರಕ್ಕೆಂದು ಕಲ್ಲುಹಾಸಿನ ಪಾರ್ಕು ಮಾಡುವುದೆಂಬ ಠರಾವು. ನಾನೂ ಹಿರಿಯ ನಾಗರಿಕನೇ. ನನ್ನನ್ನು ಯಾರೂ ಕೇಳಿರಲಿಲ್ಲ. ಎದ್ದು ನಿಂತು ಆಮೆಗಳ ಮಾತೆತ್ತಿದೆ. ಎರಡನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕುಳಿತಿದ್ದ ಔಷಧಿ ಅಂಗಡಿಯವನು, “ತಾತಂಗೆ ಆಮೆ ಕಾಣ್ಸುತ್ತೆ, ನಮಗೆ ಸೊಳ್ಳೆ ಕಾಣ್ಸುತ್ತೆ” ಎಂದ. ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ “ಆಮೆಗೆ ವೋಟಿದ್ಯಾ ಗುರು?” ಎಂದರು. ನಲವತ್ತು ವರ್ಷದಿಂದ ಪಕ್ಕದ ಮನೆಯಲ್ಲಿರುವ, ಅವರ ಜಾಗದ ತಂಟೆಯಲ್ಲಿ ನಾನೇ ಅಳತೆ ಮಾಡಿಕೊಟ್ಟು ಉಳಿಸಿಕೊಟ್ಟ ಮಹನೀಯರೂ ನಕ್ಕರು. ಯಾರ್ಯಾರು ನಕ್ಕರು, ಯಾರು ತಲೆ ತಗ್ಗಿಸಿ ನಕ್ಕರು, ಎಲ್ಲವೂ ನನಗೆ ನೆನಪಿದೆ.

ನಾನು ಬರಹದಲ್ಲಿ ಆಕ್ಷೇಪಣೆ ಸಲ್ಲಿಸಿದೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಮೂರನೆಯ ಕಚೇರಿಯಲ್ಲಿ ನನ್ನ ಮಗನ ವಯಸ್ಸಿನ ಅಧಿಕಾರಿಯೊಬ್ಬ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ಆಮೆ ಹೆಸರಲ್ಲಿ ಖಾತಾ ಇದ್ಯಾ ಯಜಮಾನ್ರೇ?” ಎಂದು ಕೇಳಿದ. ಆದರೂ ಅರ್ಜಿ ತಿರಸ್ಕೃತವಾಗಲಿಲ್ಲ. ಆಕ್ಷೇಪಣೆ ಇತ್ಯರ್ಥವಾಗುವ ತನಕ ಕೆಲಸ ಶುರುಮಾಡುವಂತಿಲ್ಲವೆಂದು ಸಂಘಕ್ಕೆ ಕಾಗದ ಬಂತು. ಅಷ್ಟಕ್ಕೆ ನಾನು ಗೆದ್ದಿದ್ದೆ. ಮುಂದೆ ನಡೆದುದನ್ನು ಬರೆಯಲು ಮೂರು ವರ್ಷ ಕೈ ಬರಲಿಲ್ಲ.

ಒಂದು ಬೆಳಿಗ್ಗೆ ಸಂಘದ ಕಾರ್ಯದರ್ಶಿ ಹೆಂಡತಿಯೊಡನೆ ಮನೆಗೆ ಬಂದರು. ಮನೆ, ಸೈಟುಗಳ ವ್ಯವಹಾರದ ಮನುಷ್ಯ. ತಟ್ಟೆಯಲ್ಲಿ ಹಣ್ಣು, ಹೂವು, ಎಲೆಅಡಿಕೆ ಇತ್ತು. ಇಬ್ಬರೂ ನನ್ನ ಕಾಲಿಗೆ ನಮಸ್ಕರಿಸಿದರು.

“ಸಾರ್, ಸಭೇಲಿ ಹುಡುಗ್ರು ಏನೋ ಅಂದ್ಬಿಟ್ರು, ಮನಸ್ಸಲ್ಲಿ ಇಟ್ಕೋಬೇಡಿ. ನಮಗೂ ಆಮೆ ಅಂದ್ರೆ ದೇವ್ರೇ. ಆದ್ರೆ ದೇವ್ರು ದೇವಸ್ಥಾನದಲ್ಲಿರ್ಬೇಕಲ್ವಾ? ಆ ಗಲೀಜು ಕೆಸರಲ್ಲಿ ಯಾಕಿರ್ಬೇಕು?”

ಬಡಾವಣೆಯ ದೇವಸ್ಥಾನದ ಕಲ್ಯಾಣಿಗೆ ಎಲ್ಲ ಆಮೆಗಳನ್ನೂ ಮೆರವಣಿಗೆಯಲ್ಲಿ ತಂದು ಪೂಜೆ ಮಾಡಿ ಬಿಡುವುದು, ಮೊದಲನೆಯದನ್ನು ನನ್ನ ಕೈಯಿಂದಲೇ ಬಿಡಿಸುವುದು. ಇದು ಅವರ ಯೋಜನೆ. ಅದಕ್ಕೆ ನಾನು ಆಕ್ಷೇಪಣೆ ಹಿಂತೆಗೆದುಕೊಳ್ಳಬೇಕು.

ಇದರಲ್ಲಿ ತಪ್ಪಿದೆಯೆಂದು ನನಗೆ ಆಗ ತೋರಲಿಲ್ಲ; ಅದಕ್ಕೊಂದು ಕಾರಣವೂ ಇತ್ತು. ನಮ್ಮ ಮನೆಯ ಹಿತ್ತಿಲ ಬಾವಿಯಲ್ಲಿ ಹಿಂದೆ ಒಂದು ಜೋಡಿ ಆಮೆ ಇತ್ತು. ನೀರು ಶುದ್ಧವಾಗಿರಲೆಂದು ಬಾವಿಗೆ ಆಮೆ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ನನ್ನ ತಾಯಿ ಏಕಾದಶಿಯ ದಿನ ಅವಕ್ಕೆ ಅರಿಶಿನ ಕುಂಕುಮ ಹಾಕುತ್ತಿದ್ದರು. ಕಲ್ಲುಕಟ್ಟಡದ ಆ ಬಾವಿಯಲ್ಲಿ ಅವು ಮೂವತ್ತು ವರ್ಷ ಬದುಕಿದ್ದವು. ಅಷ್ಟು ವರ್ಷದಲ್ಲಿ ಅವಕ್ಕೆ ಒಂದು ಮರಿಯೂ ಆಗಲಿಲ್ಲವೇಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾರ್ಯದರ್ಶಿಗೆ ದಂಡೆಯ ಕಡ್ಡಿಗಳ ವಿಚಾರ ಹೇಳಿದೆ. “ಮುಂಗಾರಿನ ತನಕ ದಂಡೆ ಮುಟ್ಟಕೂಡದು.”

“ಆಯ್ತು ಸಾರ್, ದಂಡೆ ಮುಟ್ಟಲ್ಲ. ನೀವು ಹೇಳಿದ್ಮೇಲೆ ಮುಗೀತು.”

ಹಾಲಿನವನ ಲೆಕ್ಕವನ್ನೂ ಬರೆದಿಡುವ ನಾನು ಆ ಮಾತನ್ನು ಬರೆಸಿಕೊಳ್ಳಲಿಲ್ಲ. ಕಾಲಿಗೆ ನಮಸ್ಕರಿಸಿ ಎದುರಿಗೆ ನಿಂತವರನ್ನು ಬರೆದುಕೊಡಿ ಎಂದು ಕೇಳುವುದು ಅಸಭ್ಯವೆನಿಸಿತು. ನಿಜ ಹೇಳಬೇಕೆಂದರೆ, ಆ ಸಭೆಯ ನಗು ಇನ್ನೂ ಕಿವಿಯಲ್ಲಿದ್ದುದರಿಂದ ಆ ನಮಸ್ಕಾರ ನನಗೆ ಬಹಳ ಬೇಕಾಗಿತ್ತು. ಅವರು ತಂದಿದ್ದ ಕಾಗದಕ್ಕೆ ರುಜು ಹಾಕಿದೆ. ಒಳಗಿನಿಂದ ಕಾಫಿ ತಂದ ನನ್ನ ಹೆಂಡತಿ ಅವರು ಹೋದ ಮೇಲೆ, “ಅವಸರ ಮಾಡಿದ್ರೇನೋ” ಎಂದಳು. “ನಿನಗೇನು ಗೊತ್ತಾಗುತ್ತೆ” ಎಂದೆ. ಅದನ್ನು ಅವಳು ಮರೆತಿರಬಹುದು. ನಾನು ಮರೆತಿಲ್ಲ.

ಫಾಲ್ಗುಣದಲ್ಲಿ ಜೆಸಿಬಿ ಬಂತು. ಮೊದಲು ಜೊಂಡು ಹೋಯಿತು. ಆಮೇಲೆ ಕೆಸರು ತೆಗೆದರು. ಬಕೆಟ್ಟಿನ ಹಲ್ಲು ಇಳಿದಲ್ಲೆಲ್ಲ ಮಲಗಿದ್ದ ಆಮೆಗಳು ಮಣ್ಣಿನ ಜೊತೆ ಮೇಲೆ ಬಂದವು. ಹದಿನೈದು ಬಂದವು. ಅವುಗಳಲ್ಲಿ ನಾಲ್ಕರ ಬೆನ್ನು ಒಡೆದಿತ್ತು. ಅವನ್ನು ಲಾರಿಯ ಮಣ್ಣಿಗೇ ಎಸೆದರು. ಉಳಿದ ಹನ್ನೊಂದನ್ನು ತೊಳೆದು, ಕುಂಕುಮ ಹಚ್ಚಿ, ಹಿತ್ತಾಳೆ ಹರಿವಾಣಗಳಲ್ಲಿಟ್ಟು, ಓಲಗದೊಡನೆ ಹೊರಟರು. ನನ್ನನ್ನು ಮುಂದೆ ನಡೆಸಿದರು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂರಿಸಿ ಶಾಲು ಹೊದೆಸಿ, ಮೈಸೂರು ಪೇಟ ತೊಡಿಸಿದರು. ಔಷಧಿ ಅಂಗಡಿಯವನೂ ಚಪ್ಪಾಳೆ ತಟ್ಟಿದ. ನಾನು ಎಲ್ಲಕ್ಕಿಂತ ದೊಡ್ಡ ಹೆಣ್ಣಾಮೆಯನ್ನು ಎರಡು ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟೆ. ಭಾಷಣಗಳು ಮಧ್ಯಾಹ್ನದವರೆಗೆ ನಡೆದವು.

ಊಟ ಮುಗಿಸಿ ಶಾಲು ಹೊದ್ದೇ ಕುಂಟೆಯ ಕಡೆಗೆ ಹೋದೆ. ದಂಡೆ ಇರಲಿಲ್ಲ. ಜೆಸಿಬಿ ಅದರ ಮಣ್ಣನ್ನೇ ಕುಂಟೆಗೆ ತಳ್ಳಿ ನೆಲವನ್ನು ಸಮ ಮಾಡಿ ಮೂಲೆಯಲ್ಲಿ ನಿಂತಿತ್ತು. ಆ ಹೆಂಗಸು ಒಂದು ಕಡೆ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣು ಕೆದಕುತ್ತಿದ್ದಳು. ಪಕ್ಕದಲ್ಲಿ ಮುರಿದ ಹೊಂಗೆ ಕಡ್ಡಿಗಳ ಒಂದು ಸಣ್ಣ ಕಟ್ಟು.

“ನೀವೇ ಸೈನ್ ಹಾಕಿದ್ರಂತೆ?” ಎಂದಳು, ತಲೆಯೆತ್ತದೆ.

“ದಂಡೆ ಮುಟ್ಟಲ್ಲ ಅಂತ ಹೇಳಿದ್ರಮ್ಮ.”

“ಹೇಳಿದ್ರಾ.” ಆಮೇಲೆ ಎದ್ದು ಕೈ ಕೊಡವಿ ನನ್ನ ಶಾಲನ್ನು ನೋಡಿದಳು. “ಚೆನ್ನಾಗೈತೆ.”

ಶಾಲು ತೆಗೆದು ಮಡಚಿ ಕಂಕುಳಲ್ಲಿಟ್ಟುಕೊಂಡೆ.

ನಾನು ಕಾರ್ಯದರ್ಶಿಯ ಬಳಿಗೆ ಹೋದೆ. “ಡ್ರೈವರ್‌ಗೆ ಗೊತ್ತಾಗ್ಲಿಲ್ಲ ಸಾರ್. ಆಮೆ ಎಲ್ಲ ಸೇಫಾಗಿದಾವಲ್ಲ, ಇನ್ನೇನು?” ಎಂದರು. ಕೂರಿ ಎನ್ನಲಿಲ್ಲ. ಬೀದಿಯಲ್ಲಿ ಎದುರಾದರೆ ಈಗಲೂ ಅವರು ಮೊಬೈಲು ನೋಡುತ್ತಾರೆ.

ಮುಂದಿನ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಕಲ್ಯಾಣಿಗೆ ಹೋದಾಗ, ನಾನು ನೀರಿಗೆ ಬಿಟ್ಟಿದ್ದ ಹೆಣ್ಣಾಮೆ ಮೇಲಿನ ಮೆಟ್ಟಿಲ ಮೇಲಿತ್ತು. ಒಂದೊಂದೇ ಮೆಟ್ಟಿಲು ಹತ್ತಿ ಅಷ್ಟು ದೂರ ಬಂದಿತ್ತು. ಹಿಂಗಾಲಿನಿಂದ ಕಲ್ಲನ್ನು ಕೆರೆಯುತ್ತಿತ್ತು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಮಣ್ಣಿನಲ್ಲಿ ಗುಂಡಿ ತೋಡುವಾಗ ಮಾಡುವ ಹಾಗೆಯೇ. ಉಗುರು ಸವೆದಿತ್ತು. ಹಿಂದಿನ ದಿನದ ದೀಪದ ಹಣತೆಗಳ ನಡುವೆ ದುಂಡನೆಯ ಬಿಳಿ ಮೊಟ್ಟೆಗಳು ಬಿದ್ದಿದ್ದವು, ದೊಡ್ಡ ನೆಲ್ಲಿಕಾಯಿಯಷ್ಟು. ಮೂರು ಉರುಳಿ ಒಡೆದಿದ್ದವು. ಐದು ಉಳಿದಿದ್ದವು.

ಅವನ್ನು ಪ್ರಸಾದದ ಡಬ್ಬಿಯಲ್ಲಿಟ್ಟುಕೊಂಡು ಹೊರಟೆ. ಎಲ್ಲಿ ಹೂಳುವುದು? ಬೀದಿಯುದ್ದಕ್ಕೂ ನೋಡುತ್ತ ಬಂದೆ. ಮರದ ಬುಡಕ್ಕೂ ಸಿಮೆಂಟು, ಪಾರ್ಕಿಗೆ ಕಲ್ಲುಹಾಸು. ಕೊನೆಗೆ ನಮ್ಮ ಹಿತ್ತಿಲಲ್ಲೇ, ಮುಚ್ಚಿದ ಬಾವಿಯ ಪಕ್ಕದಲ್ಲಿ, ಒಂದು ಚಾಪೆಯಷ್ಟು ಮಣ್ಣು ಉಳಿದಿತ್ತು. ಎಷ್ಟು ಆಳಕ್ಕೆ ಹೂಳಬೇಕೆಂದು ನನಗೆ ಗೊತ್ತಿರಲಿಲ್ಲ. ಬಿನ್ನಿಪೇಟೆಗೆ ನಡೆದು ಹೋಗಿ ಆ ಹೆಂಗಸಿನ ಬಾಗಿಲಲ್ಲಿ ನಿಂತೆ. ಅವಳು ಬರುವುದಿಲ್ಲವೆಂದೇ ಎಣಿಸಿದ್ದೆ. ಸೆಗಣಿಯ ಕೈ ತೊಳೆದುಕೊಂಡು ಬಂದಳು. ಗೇಣುದ್ದ ಗುಂಡಿ ತೋಡಿ ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿದಳು, ಕಡ್ಡಿ ನೆಟ್ಟಳು.

“ತಾಯಿ ಇಟ್ಟಂಗೆ ನಮ್ಮ ಕೈಲಿ ಆಗಲ್ಲ ಯಜಮಾನ್ರೇ. ಆಸೆ ಮಡಿಕ್ಕೋಬೇಡಿ.”

ಮುಂಗಾರು ಬಂತು. ಮೊದಲ ಮಳೆಯ ಮಾರನೆಯ ಬೆಳಿಗ್ಗೆಯಿಂದ ಹೆಂಡತಿಯೂ ನಾನೂ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕಾದೆವು. ಆಷಾಢ ಮುಗಿದರೂ ಮಣ್ಣು ಅಲುಗಲಿಲ್ಲ. ಹೆಂಗಸು ಬಂದು ಬೆರಳಿಂದ ಕೆದಕಿ ನೋಡಿ, ಮತ್ತೆ ಮುಚ್ಚಿದಳು. ಕಡ್ಡಿಯನ್ನು ಅವಳೂ ಕೀಳಲಿಲ್ಲ, ನಾನೂ ಕಿತ್ತಿಲ್ಲ.

ಕಲ್ಯಾಣಿಯ ಒಂದು ಮೂಲೆಯ ಕಲ್ಲು ತೆಗೆಸಿ ಮಣ್ಣು ಹಾಕಿಸಿರೆಂದು ಐದು ಅರ್ಜಿ ಕೊಟ್ಟಿದ್ದೇನೆ. ಆರನೆಯದು ಈ ಹಾಳೆಯ ಕೆಳಗೆ ಇದೆ. ಈ ಕಾರ್ತೀಕದಲ್ಲೂ ಆ ಆಮೆ ಮೆಟ್ಟಿಲು ಹತ್ತಿತು. ಉಳಿದ ದಿನಗಳಲ್ಲಿ ಅದು ನೀರಿನ ಮೇಲೆ ಮೂಗು ಚಾಚಿ ತೇಲುತ್ತಿರುತ್ತದೆ. ಮಂಡಕ್ಕಿ ಎರಚುವ ಭಕ್ತರು ಬಂದರೆ ಹತ್ತಿರ ಬರುತ್ತದೆ. ನನ್ನ ನೆರಳು ಬಿದ್ದೊಡನೆ ಮುಳುಗುತ್ತದೆ. ಪ್ರಾಣಿಗಳಿಗೆ ಅಷ್ಟೆಲ್ಲ ನೆನಪಿರುವುದಿಲ್ಲವೆಂದು ಅರ್ಚಕರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತನ್ನನ್ನು ಎತ್ತಿ ಬಿಟ್ಟ ಕೈ ಯಾವುದೆಂದು ಅದು ಮರೆತಿಲ್ಲ.