ಗಾಜು ಕೂರಿಸುವವರು

ಆದಿಉಡುಪಿಯಲ್ಲಿ ಕಾರುಗಳಿಗೆ ಮುಂಗಾಜು ಕೂರಿಸುತ್ತಿದ್ದ ಅವರು, ಒಡೆದ ಗಾಜಿನ ಮುಂದೆ ನಿಂತು ಮೊದಲು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಗಿರಾಕಿಗಳು ಒಡೆದ ಬಗೆಯನ್ನು ವಿವರಿಸತೊಡಗಿದರೆ, "ಹೊಸ ಗಾಜಿಗೆ ಹಳೆ ಕಥೆ ಎಂತಕ್ಕೆ ಮಾರಾಯ್ರೆ?" ಎನ್ನುತ್ತಿದ್ದರು.

ನನಗೆ ಕಥೆಯೇ ಬೇಕಿತ್ತು. ಕಾಪುವಿನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದ ನನ್ನ ಹೆಂಡತಿ, ಹಿಂದಿರುಗುವಾಗ ಮೀನಿನ ಲಾರಿಯ ಚಕ್ರದಿಂದ ಕಲ್ಲು ಸಿಡಿದು ನಮ್ಮ ಕಾರಿನ ಗಾಜು ಒಡೆಯಿತೆಂದಿದ್ದಳು. ಆ ಅಂಗಳದ ತೆಂಗಿನ ಮರದಡಿ ಕಾರು ನಿಲ್ಲಿಸಬೇಡವೆಂದು ನಾನು ಮೊದಲೇ ಎಚ್ಚರಿಸಿದ್ದೆ.

"ಕಲ್ಲೋ, ತೆಂಗಿನಕಾಯಿಯೋ? ನೀವೇ ಪರೀಕ್ಷಿಸಿ ಹೇಳಿ," ಎಂದೆ.

"ಇವರಿಗೆ ಪಂಚಾಂಗದ ಮೇಲೂ ಸಂಶಯ ಉಂಟು," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಅವರು ವೈಪರ್ ಎತ್ತಿದರು. ಅದರ ಬುಡದಲ್ಲಿ ಸಿಕ್ಕಿಕೊಂಡಿದ್ದ ತೆಂಗಿನಕಾಯಿಯ ತೊಟ್ಟನ್ನು ನಾನೂ ಕಂಡೆ. ಅದನ್ನು ಮೆಲ್ಲನೆ ತೆಗೆದು, ಅವಳ ಬಾಡಿದ ಮುಖವನ್ನೊಮ್ಮೆ ನೋಡಿ, ಅವರು ಅಂಗಿಯ ಜೇಬಿಗೆ ಹಾಕಿಕೊಂಡರು.

"ಕಲ್ಲೇ ಅಕ್ಕ. ಈ ಲಾರಿಯವರಿಗೆ ಎಂತ ಹೇಳುವುದು, ಅಲ್ವಾ?"

ನಾನು ಬಾಯಿ ತೆರೆದೆ. ಅವರು ಹೊಸ ಗಾಜಿನ ಒಂದು ಅಂಚನ್ನು ನನ್ನ ಕೈಗಿತ್ತು, "ಬೀಳದ ಹಾಗೆ ಹಿಡಿಯಿರಿ," ಎಂದರು. ಹಿಡಿದು ನಿಂತೆ.

ಮನೆಗೆ ಮರಳುವಾಗ ಹೆಂಡತಿಯೇ ಕಾರು ಓಡಿಸಿದಳು. ನಮ್ಮ ಮುಂದೆ ಮಲ್ಪೆಯ ಮೀನಿನ ಲಾರಿಯೊಂದು ಹೋಗುತ್ತಿತ್ತು.

"ಸ್ವಲ್ಪ ದೂರ ಬಿಡು," ಎಂದೆ. "ಕಲ್ಲು ಸಿಡಿದೀತು."