ಅಯ್ಯನವರ ಒಪ್ಪಿಗೆಗೆ ಕಾದ ಕಣ್ಣು

"ಕಣ್ಣು ಕೊಟ್ಬಿಟ್ರೆ ಅಂಗೈಲಿರೋ ಲಿಂಗಾನ ನಿಮ್ಮಮ್ಮ ಹೇಗೆ ನೋಡ್ತಾಳಮ್ಮಾ?"

ದೊಡ್ಡಪ್ಪ ಹೀಗೆ ಕೇಳಿದಾಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಮ್ಮನ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಎಡ ಅಂಗೈಯಲ್ಲಿ ಅವಳು ದಿನವೂ ಪೂಜಿಸುತ್ತಿದ್ದ ಇಷ್ಟಲಿಂಗವಿತ್ತು. ನೇತ್ರದಾನ ಅವಳದೇ ಆಸೆ. ನಾನು ಕರೆಸಿದ್ದ ನೇತ್ರಬ್ಯಾಂಕಿನವರು ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ತಡವಾದರೆ ಕಣ್ಣು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅಂತ್ಯಕ್ರಿಯೆ ಮಾಡಿಸುವ ಅಯ್ಯನವರು ಬಂದು ಒಪ್ಪಿದರೆ ಆಗಲಿ ಎಂದರು ದೊಡ್ಡಪ್ಪ. ಫೋನ್ ಮಾಡೋಣವೆಂದರೆ, ಅಂಥ ಮಾತನ್ನು ಫೋನಿನಲ್ಲಿ ಕೇಳುವುದೇ ಎಂದು ಗದರಿದರು. ಕೈಗೆತ್ತಿಕೊಂಡಿದ್ದ ಫೋನನ್ನು ನಾನು ಕೆಳಗಿಟ್ಟೆ.

ಟ್ರಾಫಿಕ್ ದಾಟಿ ಅಯ್ಯನವರು ಬರುವಷ್ಟರಲ್ಲಿ ಹೊತ್ತು ಮೀರಿತ್ತು, ನೇತ್ರಬ್ಯಾಂಕಿನವರು ಕೈಮುಗಿದು ಹೊರಟುಹೋಗಿದ್ದರು. ವಿಷಯ ಕೇಳುತ್ತಲೇ, ಅಮ್ಮನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಅಯ್ಯನವರ ಕೈ ನಿಂತಿತು.

"ನನಗ್ಯಾಕೆ ಕಾದ್ರಿ ಯಜಮಾನ್ರೇ? ನನ್ನ ಕಣ್ಣನ್ನೇ ದಾನಕ್ಕೆ ಬರೆದುಕೊಟ್ಟಿದೀನಿ."

ಅಮ್ಮನ ಕಣ್ಣುಗಳು ಅಮ್ಮನೊಡನೆ ಮಣ್ಣಿಗೆ ಹೋದವು. ಈಗ ಬಿಳಿ ಕೋಲು ಹಿಡಿದವರು ರಸ್ತೆಯಲ್ಲಿ ಎದುರಾದರೆ ನಾನು ಮುಖ ಮರೆಸಿಕೊಳ್ಳುತ್ತೇನೆ, ಅವರಿಗೆ ಕಾಣದೆಂದು ಗೊತ್ತಿದ್ದರೂ.