ಒಂದು ಮಾತ್ರೆ ಕಮ್ಮಿ

ನನಗೆ ಬೈಪಾಸ್ ಆಗಿದೆ ಎಂದು ನಮ್ಮ ಬೀದಿಯ ಅರ್ಧ ಜನ ಇವತ್ತಿಗೂ ನಂಬಿದ್ದಾರೆ. ತಪ್ಪು ಅವರದಲ್ಲ. ಡಾಕ್ಟರು ಹೇಳಿದ್ದು ಬೈಪೋಲಾರ್ ಎಂದು, ಮನಸ್ಸು ಮಿತಿಮೀರಿ ಏರುವ, ಇಳಿಯುವ ಕಾಯಿಲೆ. ನಮ್ಮತ್ತೆ ಪುಟ್ಟಮ್ಮನವರ ಕಿವಿಗೆ ಬಿದ್ದದ್ದು ಬೈಪಾಸ್ ಎಂದು. ಅವರು ಅದನ್ನು ನಲ್ಲಿಯ ಹತ್ತಿರ ನಾಲ್ಕು ಜನರಿಗೆ ಹೇಳಿದರು, ಸಂಜೆಯೊಳಗೆ ಮನೆತುಂಬ ಕಿತ್ತಳೆಹಣ್ಣು. "ಎದೆ ಕುಯ್ದವ್ರಂತೆ, ಆದ್ರೂ ಎಂಗೆ ಓಡಾಡ್ತಾವ್ಳೆ ನೋಡು" ಎಂದು ಪಕ್ಕದ ಮನೆಯವರು ಬೆರಗಾದರು. ಇಪ್ಪತ್ತು ವರ್ಷದಿಂದ ಮಕ್ಕಳ ಕಾಗುಣಿತ ತಿದ್ದುತ್ತಿರುವ ಕನ್ನಡ ಟೀಚರು ನಾನು. ಈ ತಪ್ಪನ್ನು ಮಾತ್ರ ಆರು ತಿಂಗಳು ತಿದ್ದದೆ ಬಿಟ್ಟೆ. ಎದೆಯ ಕಾಯಿಲೆಗಾದರೆ ಹಣ್ಣು ಬರುತ್ತದೆ. ತಲೆಯ ಕಾಯಿಲೆ ಎಂದರೆ ಜನ ಬರುವುದನ್ನೇ ಬಿಟ್ಟರೆ? ಆಮೇಲೆ ಧೈರ್ಯ ಬಂತು, ಅರ್ಧ ಬೀದಿಗೆ ನಾನೇ ಹೇಳಿದೆ. ಉಳಿದವರಿಗೆ ಹೇಳಿ ಹೇಳಿ ಸಾಕಾಗಿದೆ.

ಮೊದಲ ಸಲ ಅದು ಬಂದಾಗ ಗುಂಡ್ಲುಪೇಟೆಯಲ್ಲಿ ನನಗಿಂತ ಆರೋಗ್ಯವಂತರು ಇನ್ನೊಬ್ಬರಿಲ್ಲ ಎನಿಸಿತ್ತು. ದಿನಕ್ಕೆ ಎರಡು ಗಂಟೆ ನಿದ್ದೆ ಸಾಕು. ಮಾತು ಮಾತಿಗೂ ಪ್ರಾಸ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ, ಮಂಜಿನ ನಡುವೆ ಛಂದಸ್ಸಿನ ಗುರುಕುಲವೊಂದನ್ನು ಕಟ್ಟುವುದು ಎಂದು ತೀರ್ಮಾನಿಸಿದೆ. ಅದು ಆನೆ ಓಡಾಡುವ ಕಾಡು ಎಂದು ಅರಣ್ಯ ಇಲಾಖೆಯಲ್ಲಿರುವ ನನ್ನ ಗಂಡ ನೆನಪಿಸಿದಾಗ, "ಆನೆಗೂ ಗಜಗಮನ ಕಲಿಸಬಹುದು" ಎಂದೆನಂತೆ. ಗುರುಕುಲಕ್ಕಾಗಿ ಕೆಲಸ ಬಿಡಬೇಕಲ್ಲ, ರಾಜೀನಾಮೆಯನ್ನು ಕಂದಪದ್ಯದಲ್ಲಿ ಬರೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ.

ನಮ್ಮ ಹೆಡ್‌ಮಾಸ್ಟರು ಲೆಕ್ಕದ ಮೇಷ್ಟ್ರು. ಕಂದದ ಎರಡನೆಯ ಸಾಲಿಗೆ ಇಪ್ಪತ್ತು ಮಾತ್ರೆ ಇರಬೇಕೆಂದು ಅವರಿಗೆ ಹೇಗೋ ಗೊತ್ತಿತ್ತು. ಬೆರಳು ಮಡಿಸಿ ಎಣಿಸಿದರು.

"ಒಂದು ಮಾತ್ರೆ ಕಮ್ಮಿ ಬಂದದಲ್ಲ ಮೇಡಂ. ಸರಿಮಾಡ್ಕೊಂಡು ಬನ್ನಿ, ಮೇಲಕ್ಕೆ ಕಳಿಸನ" ಎಂದು ಪದ್ಯವನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದರು. ಅದೇ ಸಂಜೆ ನನ್ನ ಗಂಡನಿಗೆ ಫೋನು ಮಾಡಿದರು.

ಅವರು ಎಣಿಸಿದ್ದು ಸರಿಯಾಗಿಯೇ ಇತ್ತು. ನನಗೆ ನಿಜಕ್ಕೂ ಒಂದು ಮಾತ್ರೆ ಕಮ್ಮಿಯಾಗಿತ್ತು, ಬೇರೆ ಜಾತಿಯದು.

ಏರಿದ್ದು ಇಳಿಯಿತು. ಮೂರು ತಿಂಗಳು ಬಾಚಣಿಗೆ ಎತ್ತುವುದೂ ಭಾರವಾಯಿತು. ಅತ್ತೆಯೇ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಚಾಮರಾಜನಗರದ ಡಾಕ್ಟರು ಮಾತ್ರೆ ಕೊಟ್ಟು, ಅದರ ಜೊತೆಗೆ ಹದಿನೈದು ದಿನಕ್ಕೊಮ್ಮೆ ಮಾತಾಡಿಕೊಂಡು ಹೋಗಿ ಎಂದು ಆಪ್ತಸಮಾಲೋಚಕಿ ರೆಹಾನಾ ಅವರ ಹತ್ತಿರ ಕಳಿಸಿದರು. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ಇವಳಿಗೇನು ಗೊತ್ತು ಎಂದು ಮೊದಲ ದಿನ ಮುಕ್ಕಾಲು ಗಂಟೆ ಷಟ್ಪದಿಯ ಮೇಲೆ ಉಪನ್ಯಾಸ ಕೊಟ್ಟೆ. ಆಕೆ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿತ್ತು ಮೇಡಂ. ನಿಮ್ಮ ವಿಷಯ ಮುಂದಿನ ಸಲ ಹೇಳ್ತೀರಾ?" ಎಂದರು. ಮುಂದಿನ ಸಲ ನಾನು ಹೇಳಿದ್ದೆಲ್ಲ ಬರೀ ಅತ್ತೆಯ ವಿಷಯ.

ರೆಹಾನಾ ನನ್ನಿಂದ ಮಾಡಿಸಿದ್ದು ಬಹಳ ಸಪ್ಪೆಯಾದ ಕೆಲಸಗಳು. ಎಷ್ಟು ಗಂಟೆಗೆ ಮಲಗಿದೆ, ಎಷ್ಟು ಗಂಟೆಗೆ ಎದ್ದೆ ಎಂದು ಬರೆಯುವುದು. ಏರುವ ಮುಂಚೆ ನನ್ನಲ್ಲಿ ಏನೇನು ಬದಲಾಗುತ್ತದೆ ಎಂದು ಪಟ್ಟಿ ಮಾಡುವುದು. ಅದನ್ನು ಕಂಡಾಗ ಮುಖದ ಮೇಲೆ ಹೇಳಲು ಒಬ್ಬರಿಗೆ ಅಧಿಕಾರ ಕೊಡುವುದು. ಗಂಡ ವಾರದಲ್ಲಿ ನಾಲ್ಕು ದಿನ ಬಂಡೀಪುರದಲ್ಲಿರುತ್ತಾರೆ, ಆದ್ದರಿಂದ ಅಧಿಕಾರ ಅತ್ತೆಗೆ ಹೋಯಿತು. ಸೊಸೆ ತಾನಾಗಿ ಅತ್ತೆಯ ಕೈಗೆ ಇಂಥ ಅಧಿಕಾರ ಬರೆದುಕೊಟ್ಟದ್ದು ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು.

ಅದು ಕೆಲಸಕ್ಕೆ ಬಂದದ್ದು ಹೋದ ವರ್ಷ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಮಕ್ಕಳಿಂದ ನಾಟಕ ಮಾಡಿಸಬೇಕಿತ್ತು, ಬರೆಯಲು ಕೂತೆ. ಮೂರು ದಿನದಲ್ಲಿ ನಲವತ್ತು ಪುಟ! ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಿ, ಮೂರು ದಿವ್ಸದಿಂದ ನಿಂತ್ಕಂಡೇ ಉಣ್ತಾ ಇದ್ದೀಯ ಕಣಮ್ಮಿ. ಪಟ್ಟೀಲಿ ಅದೇ ಎಲ್ಡನೇದು. ಸೀರೆ ಉಟ್ಕೊ, ಚಾಮ್ರಾಜನಗರಕ್ಕೆ ಓಗನ."

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದರೆ ನಾನು ಖುಷಿಯಾಗಿರಲೇಬಾರದಾ ಅತ್ತೆ? ನಕ್ಕರೆ ಕಾಯಿಲೆ, ಬರೆದರೆ ಕಾಯಿಲೆ!" ಎಂದು ಕೂಗಾಡಿದೆ. ಅವರು ಬಾಗಿಲು ಬಿಡಲಿಲ್ಲ. "ಬೈಕೊ, ಪರ್ವಾಗಿಲ್ಲ. ಬಸ್ಸಲ್ಲಿ ಬೈಕೊ" ಎಂದರು. ತೆರಕಣಾಂಬಿವರೆಗೂ ಬೈದೆ.

ಬೈದು ಮುಗಿಸಿ ರೆಹಾನಾಗೂ ಅದೇ ಪ್ರಶ್ನೆ ಕೇಳಿದೆ. ಆಕೆ ಯೋಚಿಸಿ, "ಬಂದ ಖುಷಿಗೆ ಎರಡು ದಿನ ತಡಿ ಅಂತ ಹೇಳಿ ನೋಡಿ ಮೇಡಂ. ಖುಷಿ ಆದ್ರೆ ತಡಕೊಳ್ಳುತ್ತೆ. ಕಾಯಿಲೆ ತಡಕೊಳ್ಳಲ್ಲ" ಎಂದರು. ನನ್ನದು ಎರಡು ನಿಮಿಷವೂ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರು ಔಷಧಿ ಬದಲಿಸಿದರು. ಹತ್ತು ದಿನ ರಜೆ ಹಾಕಿ, ತಾಲೀಮನ್ನು ಪಿ.ಟಿ. ಮೇಷ್ಟ್ರಿಗೆ ಒಪ್ಪಿಸಿ, ಮಲಗಿದೆ. ಆ ಸಲ ನಾನು ಬೀಳಲಿಲ್ಲ.

ಎದ್ದು ನೋಡಿದರೆ ನಲವತ್ತು ಪುಟದಲ್ಲಿ ಹನ್ನೊಂದು ನಿಜಕ್ಕೂ ಚೆನ್ನಾಗಿದ್ದವು. ಹುಚ್ಚು ನನ್ನಿಂದ ಮಹಾಕಾವ್ಯ ಬರೆಸುತ್ತದೆ ಎಂಬ ಒಳಗಿನ ಜಂಬ ಅವತ್ತು ಇಳಿಯಿತು. ಹನ್ನೊಂದನ್ನು ಹದಿನಾರು ಮಾಡಿದ್ದು ದಿನಕ್ಕೆ ಏಳು ಗಂಟೆ ನಿದ್ದೆ ಮಾಡುವ ಸಾಧಾರಣ ಹೆಂಗಸು. ನಾಟಕಕ್ಕೆ ಎರಡನೆಯ ಬಹುಮಾನ ಬಂತು.

ಚಾಮರಾಜನಗರದಿಂದ ವಾಪಸ್ಸು ಬರುವಾಗ ಮಕ್ಕಳು ಬಸ್ಸಿನಲ್ಲಿ ನನ್ನ ಸಾಲುಗಳನ್ನೇ ಕೂಗುತ್ತಿದ್ದರು. ಹೊರಗೆ ಸಂಜೆಯ ಬಿಸಿಲಲ್ಲಿ ಚೆಂಡುಹೂವಿನ ಹೊಲಗಳು. ಎದೆ ತುಂಬಿ ಬಂತು. ತುಂಬಿದ್ದೇ ತಡ, ಭಯವಾಯಿತು. ನಾಟಕ ನೋಡಲು ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನು ಮೆಲ್ಲಗೆ ಕೇಳಿದೆ: "ಅತ್ತೆ, ನನಗೆ ತುಂಬ ಖುಷಿ ಆಗ್ತಾ ಇದೆ. ಇದು ಅದೇನಾ?"

ಅವರು ನನ್ನ ಗಲ್ಲ ಹಿಡಿದು ತಿರುಗಿಸಿ, ಕಣ್ಣೊಳಗೆ ಚೆನ್ನಾಗಿ ನೋಡಿದರು.

"ಇಲ್ಲ ಕಣಮ್ಮಿ, ಇದು ಬರೀ ಖುಷಿ" ಎಂದರು. "ಖುಷಿ ಪಟ್ಕೊ. ಆ ಕಿಟಕಿ ಒಸಿ ಮುಚ್ಚು, ಚಳಿ ಆಯ್ತದೆ."